ಇಂಪ್ಲಾಂಟ್ ಹಲ್ಲು: ಐದು ವರ್ಷ ಅಗಿದು ನೋಡಿದ ಮೇಲೆ

ಇಂಪ್ಲಾಂಟ್ ಹಾಕಿಸಿಕೊಂಡವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ತುಂಬಾ ನೋವಾಗುತ್ತಾ? ನನ್ನ ಉತ್ತರ ಇಷ್ಟು: ಹಾಕುವಾಗ ಇಲ್ಲ. ಆಮೇಲೆ ಮೂರ್ನಾಲ್ಕು ದಿನ ಹೌದು. ಅದು ಕಳೆದ ಮೇಲೆ ನೋವೇ ಇಲ್ಲ, ಮತ್ತು ಯೋಚನೆ ಮಾಡಬೇಕಾದದ್ದು ಅಲ್ಲೇ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನದು ಕೆಳದವಡೆಯ ಎಡಗಡೆಯ ದೊಡ್ಡ ಹಲ್ಲು. ಅಗಿಯುವ ಕೆಲಸವೆಲ್ಲ ಬೀಳುವ ಜಾಗ. ಹಿಂದೆ ರೂಟ್ ಕೆನಾಲ್ ಆಗಿತ್ತು. ಎಷ್ಟೋ ವರ್ಷದ ಮೇಲೆ ಅದು ಬೇರಿನವರೆಗೆ ಸೀಳಿತು. ಉಳಿಸೋಕೆ ಆಗಲ್ಲ ಎಂದರು. ಕೀಳಿಸಿದ ಮೇಲೆ ಮೂರು ದಾರಿ ಇದ್ದವು: ತೆಗೆದು ಹಾಕುವ ಹಲ್ಲು, ಬ್ರಿಡ್ಜ್, ಇಂಪ್ಲಾಂಟ್. ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸುತ್ತಲೂ ಉಜ್ಜಿ ಸಣ್ಣ ಮಾಡಿ, ಮೂರು ಹಲ್ಲಿನ ಜಾಗಕ್ಕೂ ಸೇರಿಸಿ ಒಂದೇ ಕ್ಯಾಪ್ ಕೂರಿಸುವುದು. ನನ್ನ ಅಕ್ಕಪಕ್ಕದ ಹಲ್ಲುಗಳು ಗಟ್ಟಿಮುಟ್ಟಾಗಿದ್ದವು. ಅವನ್ನು ಸುಮ್ನೆ ಉಜ್ಜಿಸಲು ಮನಸ್ಸು ಬರಲಿಲ್ಲ. ಅವಕ್ಕೂ ಹೇಗಿದ್ದರೂ ಕ್ಯಾಪ್ ಬೇಕು ಎನ್ನುವ ಸ್ಥಿತಿ ಇದ್ದಿದ್ದರೆ ಬ್ರಿಡ್ಜನ್ನೇ ಹಾಕಿಸುತ್ತಿದ್ದೆ. ದುಡ್ಡೂ ಕಡಿಮೆ, ಬೇಗ ಮುಗಿಯುತ್ತದೆ.

ಇಂಪ್ಲಾಂಟ್ ಅಂದರೆ ಇಡೀ ಹಲ್ಲು ಅಲ್ಲ, ಬೇರಿನ ಜಾಗಕ್ಕೆ ಹೋಗುವ ಟೈಟಾನಿಯಂ ಸ್ಕ್ರೂ. ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದ. ಅದರ ಮೇಲೆ ಅಬಟ್‌ಮೆಂಟ್ ಎನ್ನುವ ಸಣ್ಣ ಕಂಬ. ಕಂಬದ ಮೇಲೆ ಕ್ಯಾಪ್. ಕನ್ನಡಿಯಲ್ಲಿ ಕಾಣುವುದು ಕ್ಯಾಪ್ ಮಾತ್ರ.

ಹಲ್ಲು ಕಿತ್ತಾಗ ಸೋಂಕಿನಿಂದ ಅಲ್ಲಿನ ಮೂಳೆ ಸ್ವಲ್ಪ ಕರಗಿತ್ತು. ಹಾಗಾಗಿ ಆ ಗುಂಡಿಗೆ ಮೂಳೆ ಪುಡಿ ತುಂಬಬೇಕು ಎಂದರು. ಮನೆಯಲ್ಲಿ ಹೇಳಿದಾಗ ಅಮ್ಮ ಕೇಳಿದ ಮೊದಲ ಮಾತು, "ಯಾತರ ಮೂಳೆಯಂತೆ ಅದು?" ನಗು ಬಂತು, ಆದರೆ ಸರಿಯಾದ ಪ್ರಶ್ನೆಯೇ. ಈ ಪುಡಿ ಹಸುವಿನ ಮೂಳೆಯದ್ದೂ ಇರುತ್ತದೆ, ಹಂದಿಯದ್ದೂ ಇರುತ್ತದೆ, ದಾನ ಬಂದ ಮನುಷ್ಯರ ಮೂಳೆಯದ್ದೂ ಇರುತ್ತದೆ. ಎಲ್ಲವನ್ನೂ ಸಂಸ್ಕರಿಸಿರುತ್ತಾರೆ, ಅದು ಬೇರೆ ವಿಷಯ. ಪ್ರಾಣಿಯದ್ದು ಬೇಡ ಎಂದರೆ ಪ್ರಯೋಗಾಲಯದಲ್ಲಿ ಮಾಡಿದ ಕ್ಯಾಲ್ಸಿಯಂ ಫಾಸ್ಫೇಟಿನ ಪುಡಿಯೂ ಸಿಗುತ್ತದೆ. ನೀವಾಗಿ ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಸಸ್ಯಾಹಾರಿ ಮನೆಯವರು ಕುರ್ಚಿ ಮೇಲೆ ಮಲಗುವ ಮುಂಚೆ ಕೇಳಿಕೊಳ್ಳಿ.

ಇನ್ನು ಸ್ಕ್ರೂ ಹಾಕಿದ ದಿನ. ನಿಜವಾಗಿ ನೋವಾದದ್ದು ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿದಾಗ ಮಾತ್ರ. ಕೆಲವೇ ನಿಮಿಷದಲ್ಲಿ ಅರ್ಧ ತುಟಿ, ಅರ್ಧ ನಾಲಿಗೆ ನನ್ನದಲ್ಲ ಅನ್ನಿಸಿತು. ಆಮೇಲೆ ಕೊರೆಯುವಾಗ ಗೊತ್ತಾಗುವುದು ಒತ್ತಡ ಮತ್ತು ಅದುರು. ಸದ್ದು ಮಾತ್ರ ತಲೆಯೊಳಗೇ ಬೋರ್‌ವೆಲ್ ಕೊರೆಸಿದ ಹಾಗೆ. ಕಿವಿಯಿಂದಲ್ಲ, ಮೂಳೆಯಿಂದಲೇ ಕೇಳುತ್ತದೆ. ಜೊತೆಗೆ ಬಾಯಿ ತುಂಬಾ ತಣ್ಣನೆ ಸಲೈನ್ ನೀರು. ಆ ನೀರು ಸುಮ್ನೆ ಬಿಡುವುದಲ್ಲ. ಮೂಳೆ 47 ಡಿಗ್ರಿಯಷ್ಟು ಬಿಸಿಯಾಗಿ ಒಂದು ನಿಮಿಷ ಇದ್ದರೆ ಅಲ್ಲಿನ ಜೀವಕೋಶಗಳಿಗೆ ಹಾನಿ ಶುರುವಾಗುತ್ತದೆ. ಸುಟ್ಟ ಮೂಳೆಗೆ ಸ್ಕ್ರೂ ಅಂಟುವುದಿಲ್ಲ. ಅದಕ್ಕೇ ನಿಧಾನ ಕೊರೆಯುವುದು, ನಡುನಡುವೆ ನಿಲ್ಲಿಸುವುದು. ಡಾಕ್ಟರು ಆತುರ ಮಾಡಲಿಲ್ಲ ಅಂದರೆ ಒಳ್ಳೆಯದು ಅಂತ ತಿಳಿಯಿರಿ. ಒಂದು ಗಂಟೆಯೊಳಗೆ ಎಲ್ಲ ಮುಗಿದು ಹೊಲಿಗೆಯೂ ಬಿತ್ತು.

ಹಲ್ಲು ಕೀಳಿಸಿದ್ದು, ಅದಕ್ಕೂ ಮುಂಚೆ ಕೀವು ತುಂಬಿ ರಾತ್ರಿಯೆಲ್ಲ ಕೂತಿದ್ದು, ಇವೆಲ್ಲ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ನೋವು. ಇದನ್ನು ಎಲ್ಲರಿಗೂ ಹೇಳುತ್ತೇನೆ, ಯಾರೂ ನಂಬುವುದಿಲ್ಲ.

ಜೋಮು ಇಳಿದ ಮೇಲೆ ಕಥೆ ಬೇರೆ. ಜೋಮು ಪೂರ್ತಿ ಬಿಡುವುದಕ್ಕೆ ಮೊದಲೇ ನೋವಿನ ಮಾತ್ರೆ ನುಂಗಲು ಹೇಳಿದ್ದರು. ನೋವು ಏರಿದ ಮೇಲೆ ಅದನ್ನು ಇಳಿಸುವುದು ಕಷ್ಟ. ಮೊದಲ ದಿನ ಕೆನ್ನೆಗೆ ಹೊರಗಿನಿಂದ ಐಸ್, ಸ್ವಲ್ಪ ಹೊತ್ತು ಇಟ್ಟು, ಸ್ವಲ್ಪ ಹೊತ್ತು ಬಿಟ್ಟು. ಮಲಗುವಾಗ ಒಂದು ದಿಂಬು ಜಾಸ್ತಿ. ಮಾರನೇ ದಿನ ಬೆಳಿಗ್ಗೆ ಪರವಾಗಿಲ್ಲ ಅನ್ನಿಸಿತು. ಮೂರನೇ ದಿನ ಕೆನ್ನೆ ಊದಿ ಮುಖವೇ ಸೊಟ್ಟ. ಇದು ಗೊತ್ತಿಲ್ಲದವರು ಗಾಬರಿ ಬೀಳುತ್ತಾರೆ. ಊತ ಎರಡು ಮೂರು ದಿನದ ಹೊತ್ತಿಗೆ ಹೆಚ್ಚಾಗುವುದು ಮಾಮೂಲು, ಅಲ್ಲಿಂದ ಇಳಿಯಬೇಕು. ನೋವೂ ಹಾಗೆಯೇ. ಇಳಿಯುವ ಬದಲು ನಾಲ್ಕೈದು ದಿನದ ಮೇಲೆ ಏರುತ್ತಾ ಹೋದರೆ, ಜ್ವರ ಬಂದರೆ, ಕೀವಿನ ರುಚಿ ಬಂದರೆ ಮಾತ್ರ ಕಾಯಬೇಡಿ. ಇನ್ನೊಂದು: ಮಾರನೇ ದಿನವೂ ಕೆಳತುಟಿ, ಗದ್ದ ಮರಗಟ್ಟಿಯೇ ಇದ್ದರೆ ಕೂಡಲೇ ಫೋನ್ ಮಾಡಿ. ಕೆಳದವಡೆಯ ಒಳಗೆ ಒಂದು ದೊಡ್ಡ ನರ ಓಡುತ್ತದೆ. ಸ್ಕ್ರೂ ಅದಕ್ಕೆ ತಗುಲಬಾರದು. ಮೊದಲೇ ಸಿ.ಬಿ.ಸಿ.ಟಿ. ಎನ್ನುವ ಸ್ಕ್ಯಾನ್ ಮಾಡಿಸುವುದು ಮುಖ್ಯವಾಗಿ ಈ ನರ ಎಲ್ಲಿದೆ, ಮೂಳೆ ಎಷ್ಟಿದೆ ಎಂದು ಅಳೆಯಲಿಕ್ಕೆ. ಇದರ ದುಡ್ಡು ಉಳಿಸಲು ಹೋಗಬೇಡಿ.

ಊಟದ ಬಗ್ಗೆ ಚೀಟಿಯಲ್ಲಿ 'ಮೆತ್ತಗಿನ ಆಹಾರ' ಅಂತ ಬರೆದುಕೊಟ್ಟರು. ಮೆತ್ತಗಿರುವುದೆಲ್ಲ ಸರಿಹೋಗುವುದಿಲ್ಲ. ಮೊಸರನ್ನದ ಒಗ್ಗರಣೆಯ ಸಾಸಿವೆ ಇದೆಯಲ್ಲ, ಅದು ನೇರ ಹೊಲಿಗೆ ಸಂದಿಗೇ ಹೋಗಿ ಕೂರುತ್ತದೆ. ಉಪ್ಪಿಟ್ಟಿನ ರವೆಯೂ ಅಷ್ಟೇ. ನನಗೆ ಸರಿಹೋದದ್ದು ಆರಿದ ರಾಗಿ ಗಂಜಿ, ಒಗ್ಗರಣೆ ಇಲ್ಲದ ಮೊಸರನ್ನ, ಹಾಲಿನಲ್ಲಿ ನೆನೆಸಿದ ಇಡ್ಲಿ. ಮುದ್ದೆ ಉಣ್ಣುವವರು ಪುಣ್ಯವಂತರು, ಅವರು ಹೇಗಿದ್ದರೂ ನುಂಗುವವರು, ಸಾರು ಖಾರ ಇಲ್ಲದಿದ್ದರೆ ಸಾಕು. ಬಿಸಿ ಕಾಫಿ ಮೊದಲ ದಿನ ಬೇಡ. ಎಳನೀರು ಕುಡಿಯಬಹುದು, ಸ್ಟ್ರಾ ಹಾಕಿ ಎಳೆಯಬಾರದು. ಜೋರಾಗಿ ಉಗುಳಲೂ ಬಾರದು. ಎರಡರಲ್ಲೂ ಗಾಯದ ಮೇಲೆ ಕಟ್ಟಿದ ರಕ್ತದ ಗಡ್ಡೆ ಕಿತ್ತುಬರುವ ಭಯ. ಮಾರನೇ ದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಇಟ್ಟುಕೊಂಡು ಮೆಲ್ಲಗೆ ಬಿಡುವುದು. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟಿದ್ದರು. ಅದನ್ನು ಹೇಳಿದಷ್ಟು ದಿನವಷ್ಟೇ ಬಳಸಿ. ಜಾಸ್ತಿ ದಿನ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ನಾಲಿಗೆ ರುಚಿ ಕೆಡುತ್ತದೆ.

ಹೊಲಿಗೆ ಬಿಚ್ಚಿದ ಮೇಲೆ ಶುರುವಾಗುವುದು ಕಾಯುವ ಕೆಲಸ. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಸ್ಕ್ರೂಗೂ ಮುಂಚೆ ಮೂಳೆ ಪುಡಿ ಗಟ್ಟಿಯಾಗಲು ಕೆಲವು ತಿಂಗಳು ಕಾದದ್ದಾಗಿತ್ತು, ಈಗ ಸ್ಕ್ರೂಗೆ ಮೂಳೆ ಅಂಟಲು ಮತ್ತೆ ಸುಮಾರು ಮೂರು ತಿಂಗಳು. ಮೇಲ್ದವಡೆಯ ಮೂಳೆ ಮೆದು, ಅಲ್ಲಿ ಇನ್ನೂ ಜಾಸ್ತಿ ಕಾಯಿಸುತ್ತಾರೆ. ನನಗೆ ಹಲ್ಲು ಕಿತ್ತ ದಿನದಿಂದ ಕ್ಯಾಪ್ ಬರುವವರೆಗೆ ವರ್ಷಕ್ಕೆ ಸ್ವಲ್ಪ ಕಡಿಮೆ ಹಿಡಿಯಿತು. ಅಷ್ಟು ದಿನವೂ ಬಲಗಡೆಯಲ್ಲೇ ಅಗಿಯುವುದು. ಒಂದೇ ದಿನದಲ್ಲಿ ಹಲ್ಲು ಅಂತ ಬೋರ್ಡ್ ಹಾಕಿರುತ್ತಾರಲ್ಲ, ಅದು ಕೆಲವರಿಗೆ ಆಗುತ್ತದೆ, ಎಲ್ಲರಿಗೂ ಅಲ್ಲ.

ಈ ಅಂಟಿಕೊಳ್ಳುವ ಗುಣ ಗೊತ್ತಾದದ್ದೇ ಆಕಸ್ಮಿಕವಾಗಿ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂ ಉಪಕರಣ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ. ಮೂಳೆ ಅದನ್ನು ತನ್ನದೇ ಅಂತ ಹಿಡಿದುಕೊಂಡಿತ್ತು. 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬುವರ ದವಡೆಗೆ ಅದೇ ಲೋಹ ಹಾಕಿದರು. ಅವರು 2006ರಲ್ಲಿ ತೀರಿಕೊಳ್ಳುವವರೆಗೂ ಆ ಇಂಪ್ಲಾಂಟ್‌ಗಳು ಕೆಲಸ ಮಾಡುತ್ತಿದ್ದವು. ನಲವತ್ತು ವರ್ಷ ದಾಟಿತ್ತು.

ಕ್ಯಾಪ್ ಹಂತದಲ್ಲಿ ನೋವು ಹೆಚ್ಚಿಲ್ಲ. ವಸಡನ್ನು ಚೂರು ಕೊಯ್ದು ಸ್ಕ್ರೂ ತಲೆ ತೆರೆದು, ಹೀಲಿಂಗ್ ಕ್ಯಾಪ್ ಅಂತ ಬಟನ್ನಿನಂಥ ಒಂದು ಪುಟ್ಟ ಮುಚ್ಚಳ ಹಾಕುತ್ತಾರೆ. ಅದನ್ನು ತಿರುಗಿಸಿ ಬಿಗಿ ಮಾಡುವಾಗ ವಸಡು ಹಿಂಡಿದ ಹಾಗಾಗುತ್ತದೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ನೋವಾದದ್ದು ಬಿಲ್ಲಿನಲ್ಲಿ. ಮೊದಲು ಹೇಳಿದ ರೇಟು ಸ್ಕ್ರೂಗೆ ಮಾತ್ರವಂತೆ. ಅಬಟ್‌ಮೆಂಟ್ ಬೇರೆ, ಜಿರ್ಕೋನಿಯಾ ಕ್ಯಾಪ್ ಬೇರೆ, ಮೂಳೆ ಪುಡಿ ಬೇರೆ. ಎಲ್ಲ ಸೇರಿ 60 ಸಾವಿರದ ಹತ್ತಿರ ಹೋಯಿತು. ಮೆಡಿಕ್ಲೇಮ್ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಅಪಘಾತದಲ್ಲಿ ಪೆಟ್ಟಾದದ್ದು ಬಿಟ್ಟರೆ ಹೆಚ್ಚಿನ ಪಾಲಿಸಿಗಳು ಹಲ್ಲಿನ ಖರ್ಚು ಕೊಡುವುದಿಲ್ಲ. ಅಷ್ಟು ದುಡ್ಡು ಹೊಂದುವುದಿಲ್ಲ ಎನ್ನುವವರು ಡೆಂಟಲ್ ಕಾಲೇಜಿನಲ್ಲಿ ವಿಚಾರಿಸಿ. ನಮ್ಮ ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಮಣಿಪಾಲ, ಎಲ್ಲ ಕಡೆ ಕಾಲೇಜುಗಳಿವೆ. ರೇಟು ಸಾಮಾನ್ಯವಾಗಿ ಕಡಿಮೆ, ಓಡಾಟ ಜಾಸ್ತಿ.

ಅಮೆರಿಕದಲ್ಲಿರುವ ನನ್ನ ತಮ್ಮ, ಅಲ್ಲಿ ಸಾವಿರಾರು ಡಾಲರ್ ಆಗುತ್ತದೆ, ರಜೆಗೆ ಬಂದಾಗ ಊರಲ್ಲೇ ಮಾಡಿಸುತ್ತೇನೆ ಅಂತ ಹೊರಟ. ಮೂರು ವಾರದ ರಜೆ! ಸ್ಕ್ರೂ ಒಂದು ಸಲ ಬಂದಾಗ, ಕ್ಯಾಪ್ ಮುಂದಿನ ಸಲ ಬಂದಾಗ ಅಂತ ಲೆಕ್ಕ ಹಾಕಿದರೆ ಮಾತ್ರ ಅದು ಆಗುವ ಮಾತು.

ಈಗ ಐದು ವರ್ಷದ ಮಾತು. ಅಗಿಯಲು ಏನೂ ತೊಂದರೆ ಇಲ್ಲ. ಕಡಲೇಕಾಯಿ, ಕೋಡುಬಳೆ, ಚಕ್ಕುಲಿ ಎಲ್ಲ ಸಲೀಸು. ಆದರೆ ನಿಜವಾದ ಹಲ್ಲಿನ ಹಾಗಲ್ಲ. ನಮ್ಮ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ನಾರಿನ ಪದರ ಇರುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ತಕ್ಷಣ ದವಡೆ ತೆರೆಯುವುದು ಅದರಿಂದ. ಇಂಪ್ಲಾಂಟಿಗೆ ಆ ಪದರ ಇಲ್ಲ. ಕಲ್ಲು ಸಿಕ್ಕರೂ ಅದಕ್ಕೆ ತಡವಾಗಿ ಗೊತ್ತಾಗುತ್ತದೆ, ಕ್ಯಾಪ್ ಒಡೆಯುವ ಅಪಾಯ ಇರುವುದು ಆಗಲೇ. ರಾತ್ರಿ ಹಲ್ಲು ಕಡಿಯುವವರು ಇದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ನನ್ನ ದೊಡ್ಡ ದೂರು ಅಂದರೆ ಊಟ ಸಿಕ್ಕಿಕೊಳ್ಳುವುದು. ಕ್ಯಾಪ್ ದೊಡ್ಡ ಹಲ್ಲಿನಷ್ಟೇ ಅಗಲ, ಕೆಳಗಿನ ಸ್ಕ್ರೂ ಅದರ ಅರ್ಧವೂ ಇಲ್ಲ. ಹಾಗಾಗಿ ಎರಡೂ ಪಕ್ಕ ಕೆಳಗೆ ಸಂದು. ಸೊಪ್ಪು, ತೆಂಗಿನ ತುರಿ, ಅವರೆಕಾಳಿನ ಸಿಪ್ಪೆ ಅಲ್ಲಿ ಬೀಡು ಬಿಡುತ್ತವೆ. ಅವರೆ ಕಾಲ ಬಂತೆಂದರೆ ಊಟವಾದ ಮೇಲೆ ಒಂದು ಕೆಲಸ ಗ್ಯಾರಂಟಿ. ಹಲ್ಲುಕಡ್ಡಿಯಿಂದ ಕೆದಕಬಾರದು. ಮೆಡಿಕಲ್ ಶಾಪಿನಲ್ಲಿ ಸಂದಿಗೆ ಹಾಕುವ ಪುಟ್ಟ ಬ್ರಷ್ ಸಿಗುತ್ತದೆ, ನನಗೆ ಅದೇ ಗತಿ.

ಎರಡನೇ ವರ್ಷದ ಹೊತ್ತಿಗೆ ಆ ಜಾಗದಲ್ಲಿ ಬ್ರಷ್ ಮಾಡುವಾಗ ರಕ್ತ ಕಾಣಿಸಿತು. ನೋವು ಸ್ವಲ್ಪವೂ ಇಲ್ಲ. ತಪಾಸಣೆಗೆ ಹೋದಾಗ ಡಾಕ್ಟರು ಹೇಳಿದ್ದು, "ಮೇಡಂ, ಇದಕ್ಕೆ ಹುಳುಕು ಹಿಡಿಯಲ್ಲ, ಜುಮ್ಮೆನ್ನಲ್ಲ. ವಸಡು ಕೆಟ್ಟು ಮೂಳೆ ಕರಗ್ತಾ ಇದ್ರೂ ನೋವಿಲ್ಲದೇ ಇರಬಹುದು. ಅಲುಗಾಡೋಕೆ ಶುರುವಾದ ಮೇಲೆ ಬಂದ್ರೆ ನನ್ನ ಕೈಲಿ ಏನೂ ಇರಲ್ಲ." ಆರಂಭದಲ್ಲಿ, ಊತ ವಸಡಿನಲ್ಲಿ ಮಾತ್ರ ಇರುವಾಗ, ಕ್ಲೀನ್ ಮಾಡಿದರೆ ಸರಿಹೋಗುತ್ತದೆ. ನನಗೆ ಹಾಗೇ ಆಯಿತು. ಮೂಳೆಗೆ ಇಳಿದರೆ ಹಿಂದಕ್ಕೆ ತರುವುದು ಕಷ್ಟ. ನೋವೇ ಇಲ್ಲದಿರುವುದನ್ನು ಯೋಚನೆ ಮಾಡಬೇಕು ಅಂತ ಮೊದಲು ಅಂದದ್ದು ಇದಕ್ಕೆ. ಸ್ವಂತ ಹಲ್ಲಾದರೆ ಕೆಟ್ಟಾಗ ನಿದ್ದೆಗೆಡಿಸಿಯಾದರೂ ಎಳೆದುಕೊಂಡು ಹೋಗುತ್ತದೆ. ಇದಕ್ಕೆ ಆರು ತಿಂಗಳಿಗೋ ವರ್ಷಕ್ಕೋ ನಾವಾಗಿ ಹೋಗಬೇಕು, ಎಕ್ಸ್‌ರೇ ತೆಗೆಸಬೇಕು.

ಒಂದು ಸಲ ಕ್ಯಾಪ್ ಅಲ್ಲಾಡಿ ಜೀವ ಬಾಯಿಗೆ ಬಂತು. ನೋಡಿದರೆ ಸಡಿಲವಾದದ್ದು ಮೂಳೆಯಲ್ಲಿರುವ ಸ್ಕ್ರೂ ಅಲ್ಲ, ಕ್ಯಾಪನ್ನು ಹಿಡಿದಿಡುವ ಒಳಗಿನ ಪುಟ್ಟ ಸ್ಕ್ರೂ. ಕ್ಯಾಪ್ ಮೇಲಿನ ತೂತು ತೆರೆದು, ಅಳತೆಯ ಸ್ಪ್ಯಾನರ್‌ನಿಂದ ಬಿಗಿ ಮಾಡಿ, ಮತ್ತೆ ಮುಚ್ಚಿದರು. ಇದು ಸುಲಭವಾದದ್ದು ನನ್ನದು ಸ್ಕ್ರೂ ಮಾಡುವ ಕ್ಯಾಪ್ ಆದದ್ದಕ್ಕೆ. ಸಿಮೆಂಟ್ ಹಾಕಿ ಅಂಟಿಸಿದ ಕ್ಯಾಪ್ ಆಗಿದ್ದರೆ ಬಿಚ್ಚುವುದು ರಗಳೆ, ಜೊತೆಗೆ ಉಳಿದ ಸಿಮೆಂಟ್ ವಸಡಿನೊಳಗೆ ಸೇರಿದರೂ ಅಲ್ಲಿ ಕೆಡುತ್ತದೆ. ಕೇಳುವಾಗ ಇದನ್ನೂ ಕೇಳಿ. ಇಂಪ್ಲಾಂಟಿನ ಕಂಪನಿ, ಸೈಜು, ಲಾಟ್ ನಂಬರ್ ಇರುವ ಸ್ಟಿಕ್ಕರನ್ನು ಇಸ್ಕೊಂಡು ಫೈಲಿನಲ್ಲಿಡಿ. ಸ್ವೀಡನ್, ಸ್ವಿಟ್ಜರ್ಲೆಂಡ್, ಕೊರಿಯಾ, ಇಸ್ರೇಲ್, ಹೀಗೆ ಎಲ್ಲೆಲ್ಲಿಂದಲೋ ಬರುತ್ತವೆ. ಸಾಮಾನ್ಯವಾಗಿ ಒಂದರ ಸ್ಕ್ರೂ ಇನ್ನೊಂದಕ್ಕೆ ಕೂರುವುದಿಲ್ಲ. ನಾಳೆ ಬೇರೆ ಊರಿಗೆ ಹೋದರೆ ಅಲ್ಲಿನ ಡಾಕ್ಟರಿಗೆ ಅದೇ ಆಧಾರ.

ಸಿಗರೇಟು, ಹೊಗೆಸೊಪ್ಪು ಬಿಡಲಾಗದವರು ಮತ್ತು ಶುಗರ್ ಹತೋಟಿಗೆ ಬಾರದವರು ಅವಸರ ಮಾಡಬೇಡಿ, ಗಾಯ ಮಾಯುವುದೇ ನಿಧಾನ. ಮೂಳೆ ಸವೆತಕ್ಕೆ ಮಾತ್ರೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುತ್ತಿರುವವರು, ರಕ್ತ ತೆಳು ಮಾಡುವ ಮಾತ್ರೆಯವರು ಅದನ್ನು ಮೊದಲ ದಿನವೇ ಹೇಳಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿತ ಊಟ ಸಿಕ್ಕಿಕೊಳ್ಳುವುದಕ್ಕೆ. ಹೋದ ವರ್ಷ ಬಲಗಡೆಯ ಹಲ್ಲೂ ಕೈಕೊಟ್ಟಾಗ, "ಕಿತ್ತು ಇಂಪ್ಲಾಂಟ್ ಹಾಕಿಸಿಬಿಡೋಣವಾ, ಒಂದು ಅನುಭವ ಇದೆಯಲ್ಲ" ಎಂದರು ನಮ್ಮ ಮನೆಯವರು. ನಾನು ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿಕೊಂಡು ಬಂದೆ.