ಡೊಮೇನ್ (ವೆಬ್‌ಸೈಟಿನ ವಿಳಾಸದ ಹೆಸರು) ಮಾರೋಕೆ ಹೋಗಿ ನಾನೇ ದುಡ್ಡು ಕಟ್ಟಿ ಬಂದೆ, ದಯವಿಟ್ಟು ಓದಿ

ಬರೆಯೋಕೆ ನಾಚಿಕೆ ಆಗ್ತಿದೆ. ಮೂರು ವಾರ ಯಾರ ಹತ್ರಾನೂ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಗೆಳೆಯನೊಬ್ಬನಿಗೂ ಅದೇ ಮೇಲ್ ಬಂದಿದೆ, ಕಂಪನಿ ಯಾವುದು ಅನ್ನೋದು ಬಿಟ್ರೆ ಒಂದಕ್ಷರ ಬದಲಾಗಿಲ್ಲ. ಇನ್ನು ಸುಮ್ಮನಿದ್ರೆ ತಪ್ಪಾಗುತ್ತೆ.

ನಂದು ತಿಪಟೂರಲ್ಲಿ ಪ್ರಿಂಟಿಂಗ್ ಪ್ರೆಸ್. ಮಂಡಿ ಅಂಗಡಿಗಳ ಬಿಲ್ ಬುಕ್ಕು, ಲಗ್ನಪತ್ರಿಕೆ, ಅಷ್ಟೇ. 2019ರಲ್ಲಿ ವಾಯ್ಸ್ ಡಾಟ್ ಕಾಮ್ ಅನ್ನೋ ಹೆಸರು ಮೂರು ಕೋಟಿ ಡಾಲರಿಗೆ ಮಾರಾಟ ಆಯ್ತು ಅಂತ ಎಲ್ಲೋ ಓದಿದ್ದೇ ನನ್ನ ಗ್ರಹಚಾರ. ಒಂದೇ ಒಂದು ಪದಕ್ಕೆ! ಅವತ್ತಿಂದ ರಾತ್ರಿ ಹನ್ನೊಂದರ ಮೇಲೆ ಮುಂದೆ ಮಾರೋಕಾಗೋ ಹೆಸರು ಹುಡುಕೋದೇ ಕೆಲಸ. ಮೊದಲ ವರ್ಷ 99 ರೂಪಾಯಿ, 149 ರೂಪಾಯಿ ಅಂತ ಆಫರ್ ಕಂಡಾಗೆಲ್ಲ ತಗೊಂಡೆ, 43 ಆಯ್ತು. ಎರಡನೇ ವರ್ಷ ರಿನ್ಯೂವಲ್ ಬಿಲ್ ನೋಡಿದಾಗ ಎದೆ ಧಸಕ್ ಅಂತು. ಆ ಕಥೆ ಬಿಡಿ, ಅದು ನನ್ನ ದಡ್ಡತನ. ಮೋಸ ಅಲ್ಲ.

ಮೋಸ ಇದು. ಕೊಬ್ಬರಿಗೆ ಸಂಬಂಧಪಟ್ಟ ಒಂದು ಡಾಟ್ ಕಾಮ್ ಹೆಸರು ನನ್ನ ಹತ್ರ ಇದೆ. (ಯಾವುದು ಅಂತ ಹೇಳಲ್ಲ, ಇನ್ನೂ ಮಾರಬೇಕು.) ಅದಕ್ಕೆ ಒಬ್ಬ ಫಾರಿನ್‌ನವನ ಮೇಲ್ ಬಂತು. ತೆಂಗಿನೆಣ್ಣೆ ಕಂಪನಿ ಶುರು ಮಾಡ್ತಿದ್ದಾನಂತೆ, 7,200 ಡಾಲರ್ ಕೊಡ್ತಾನಂತೆ. ಅಂದ್ರೆ ಆರು ಲಕ್ಷ! ಚೌಕಾಸಿನೇ ಇಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ನಾನು ಮಗಳ ಕಾಲೇಜು ಫೀಸು ಲೆಕ್ಕ ಹಾಕ್ತಾ ಕೂತಿದ್ದೆ.

ಈ ವ್ಯವಹಾರ ಹೇಗೆ ನಡೆಯುತ್ತೆ ಅಂತ ನಿಮಗೂ ಗೊತ್ತು. ಕೊಳ್ಳೋನು ಎಸ್ಕ್ರೋದಲ್ಲಿ, ಅಂದ್ರೆ ನಡುವೆ ನಿಲ್ಲೋ ಮೂರನೆಯವರ ಹತ್ರ, ದುಡ್ಡು ಇಡ್ತಾನೆ, ನಾವು ಹೆಸರು ವರ್ಗಾಯಿಸ್ತೀವಿ, ಅವನು ಸಿಕ್ತು ಅಂದ ಮೇಲೆ ದುಡ್ಡು ನಮಗೆ ಬರುತ್ತೆ. ನಾನೂ ಎಸ್ಕ್ರೋ ಅಂದೆ. ಅವನು ಬರೆದ: "ಖಂಡಿತ. ಆದರೆ ನನ್ನ ಪಾರ್ಟ್ನರ್‌ಗೆ ಮೌಲ್ಯಮಾಪನದ ಸರ್ಟಿಫಿಕೇಟ್ ತೋರಿಸಬೇಕು." ಪುಕ್ಕಟೆ ಸಿಗೋ ರಿಪೋರ್ಟ್ ಕಳಿಸಿದೆ. "ಅದು ಕಂಪ್ಯೂಟರ್ ಹೇಳಿದ್ದು, ಮನುಷ್ಯರು ನೋಡಿ ಕೊಟ್ಟಿದ್ದು ಬೇಕು. ಹಿಂದೆ ಒಂದು ಸಲ ನಕಲಿ ಸರ್ಟಿಫಿಕೇಟಿಂದ ಮೋಸ ಹೋಗಿದ್ದೀನಿ" ಅಂದ. ಕಳ್ಳನ ಬಾಯಲ್ಲಿ ಮೋಸದ ಮಾತು! ಮೇಲಿಂದ ಒಂದು ಸೈಟಿನ ಲಿಂಕು. "ಫೀಸು ನಿಮಗೆ ಹೊರೆ ಆಗೋದು ಬೇಡ, ಡೀಲ್ ದಿನ ಅದನ್ನೂ ಸೇರಿಸಿ ಕೊಡ್ತೀನಿ."

145 ಡಾಲರ್. ಕಾರ್ಡ್ ನಂಬರ್ ಹಾಕಿದೆ, ಒಟಿಪಿ ಕೂಡ ಕೇಳಲಿಲ್ಲ. ಬ್ಯಾಂಕಿನ ಚಾರ್ಜೆಲ್ಲ ಸೇರಿ 12,600 ಹೋಯ್ತು. ಮಾರನೇ ದಿನ ಪಿಡಿಎಫ್ ಬಂತು, ಚಿನ್ನದ ಬಣ್ಣದ ಬಾರ್ಡರು, ಕೆಳಗೆ ಸೀಲು. ಬೆಲೆ 11,400 ಡಾಲರ್ ಅಂತ ಹಾಕಿದ್ರು. ನನ್ನ ಪ್ರೆಸ್ಸಲ್ಲೇ ದಪ್ಪ ಪೇಪರಲ್ಲಿ ಪ್ರಿಂಟ್ ತೆಗೆದೆ. ಹೌದು, ತೆಗೆದೆ.

ಆಮೇಲೆ ಇನ್ನೊಂದು ಮೇಲ್. "ತುಂಬಾ ಸಂತೋಷ. ಟ್ರೇಡ್‌ಮಾರ್ಕ್ ತಕರಾರು ಇಲ್ಲ ಅಂತ ಅಲ್ಲೇ ಇನ್ನೊಂದು ಸರ್ಟಿಫಿಕೇಟ್ ಮಾಡಿಸಿ." ಕೊಬ್ಬರಿ ಅನ್ನೋ ಪದಕ್ಕೆ ಕೊಬ್ಬರಿ ವ್ಯಾಪಾರದಲ್ಲಿ ಯಾವನು ಟ್ರೇಡ್‌ಮಾರ್ಕ್ ತಗೋತಾನೆ? ಗೊತ್ತಿದ್ದೂ ಕಟ್ಟಿದೆ. ಇನ್ನೂ 8,300. ಒಟ್ಟು 20,900. ಆರು ಲಕ್ಷದ ಮುಂದೆ ಇದೆಷ್ಟು ಅಂತ.

ಆಮೇಲೆ ಉತ್ತರವೇ ಇಲ್ಲ. ನಾಲ್ಕು ಮೇಲ್ ಹಾಕಿದೆ. ಐದನೇದಕ್ಕೆ ಒಂದೇ ಸಾಲು: "ಪಾರ್ಟ್ನರ್ ಆಸ್ಪತ್ರೆಯಲ್ಲಿದ್ದಾರೆ, ಕಾಯಿರಿ." ಇಷ್ಟೇ. ಅವತ್ತು ರಾತ್ರಿ, ಯಾಕೋ ಏನೋ, ಆ ಸರ್ಟಿಫಿಕೇಟ್ ಸೈಟಿನ ಹೆಸರನ್ನ, ಡೊಮೇನ್ ಯಾವಾಗ ರಿಜಿಸ್ಟರ್ ಆಯ್ತು ಅಂತ ತೋರಿಸೋ ಹೂ-ಈಸ್‌ನಲ್ಲಿ ಹಾಕಿ ನೋಡಿದೆ. ರಿಜಿಸ್ಟರ್ ಆದ ದಿನಕ್ಕೂ ನಾನು ದುಡ್ಡು ಕಟ್ಟಿದ ದಿನಕ್ಕೂ ನಡುವೆ 19 ದಿನ. ಹತ್ತೊಂಬತ್ತೇ ದಿನ! ಹದಿನೈದು ವರ್ಷದ ಅನುಭವ ಅಂತ ಸೈಟಲ್ಲಿ ಬರ್ಕೊಂಡಿದ್ರು. ಯಾವ ಹೆಸರು ಕಣ್ಣಿಗೆ ಬಿದ್ರೂ ಯಾರದು, ಯಾವಾಗಿನದು ಅಂತ ದಿನಾ ನೋಡೋನು ನಾನು. ದುಡ್ಡು ಕಟ್ಟೋ ಜಾಗದ್ದು ಮಾತ್ರ ನೋಡಲಿಲ್ಲ. ಇದು ಇನ್ನೂ ಚುಚ್ತಾ ಇದೆ.

ಬ್ಯಾಂಕಿಗೆ ಹೋದೆ. "ಸರ್, ನೀವೇ ಕಟ್ಟಿದ್ದೀರಿ, ಅವರು ಸರ್ಟಿಫಿಕೇಟ್ ಕೊಟ್ಟಿದ್ದಾರಲ್ಲ?" ಅಂದ್ರು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೀನಿ, ನೋಡೋಣ. ಮನೆಯಲ್ಲಿ ಸೈಟ್ ಮಾರೋ ವಿಷಯದಲ್ಲಿ ಮೋಸ ಆಯ್ತು ಅಂದ್ರೆ ಅಪ್ಪ, "ಯಾವ್ ಸೈಟೋ? ಮೂವತ್ತು ನಲವತ್ತಾ? ನಂಗೆ ಹೇಳ್ದೆ ಯಾವಾಗ ತಗೊಂಡೆ?" ಅಂತ ಕೂಗಾಡಿದ್ರು. ವಿವರಿಸೋ ಶಕ್ತಿ ಇರಲಿಲ್ಲ.

ನಿಮಗೆ ಹೇಳೋದು ಇಷ್ಟೇ: ಮಾರೋರು ನೀವಾದ್ರೆ ದುಡ್ಡು ಕಟ್ಟಬೇಡಿ. ಒಂದು ರೂಪಾಯೀನೂ ಬೇಡ. ಸಂತೇಲಿ ಹಸು ಕೊಳ್ಳೋಕೆ ಬಂದೋನು "ನಾನು ಹೇಳೋ ಡಾಕ್ಟರಿಗೆ ನೀನೇ ಫೀಸು ಕೊಟ್ಟು ಸರ್ಟಿಫಿಕೇಟ್ ತಗೊಂಬಾ" ಅಂದ್ರೆ ನಮ್ಮಜ್ಜ ಹಗ್ಗದಲ್ಲೇ ಬಾರಿಸಿರೋನು. ಸರ್ಟಿಫಿಕೇಟ್ ಬೇಕಾ, ಅವನೇ ಮಾಡಿಸಿಕೊಳ್ಳಲಿ. ಎಸ್ಕ್ರೋ ಲಿಂಕ್ ಅವನು ಕಳಿಸಿದ್ರೆ ಒತ್ತಬೇಡಿ, ನೀವೇ ವಿಳಾಸ ಟೈಪ್ ಮಾಡಿ ಹೋಗಿ.

ನನ್ನ ಗೆಳೆಯನಿಗೆ ಬಂದ ಮೇಲಲ್ಲಿ ಈ ಸಲ ಅಡಿಕೆ ಕಂಪನಿಯಂತೆ. ಪಾರ್ಟ್ನರ್ ಮಾತ್ರ ಅವನೇ.