ಬೆಲ್ಟಾ, ಡೈರೆಕ್ಟ್ ಡ್ರೈವಾ? ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

2018ರಲ್ಲಿ ನಾನು ಕೊಂಡ ಮೊದಲ ಟರ್ನ್‌ಟೇಬಲ್, ಅಂದರೆ ಹಾಡಿನ ಪ್ಲೇಟು (ರೆಕಾರ್ಡ್) ಹಾಕುವ ಪ್ಲೇಯರ್, ಬೆಲ್ಟಿನದು. ಅದರಲ್ಲಿ ಮೋಟರ್ ಒಂದು ರಬ್ಬರ್ ಪಟ್ಟಿಯ ಮೂಲಕ ತಟ್ಟೆಯನ್ನು ತಿರುಗಿಸುತ್ತದೆ. ಬಟನ್ ಒತ್ತಿದರೆ ಸಾಕು, ಮುಳ್ಳು ಹಿಡಿದ ಕೈ ತಾನೇ ಎದ್ದು ಪ್ಲೇಟಿನ ಮೇಲೆ ಕೂರುತ್ತಿತ್ತು. ಹಾಡು ಮುಗಿದರೆ ತಾನೇ ವಾಪಸ್ ಹೋಗುತ್ತಿತ್ತು. ಮುಳ್ಳಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಪ್ರಿಆಂಪ್ ಒಳಗೇ ಇತ್ತು, ಹಾಗಾಗಿ ಮನೆಯ ಸ್ಪೀಕರಿಗೆ ನೇರ ವೈರ್ ಸಿಕ್ಕಿಸಿದೆ. ಎರಡು ವರ್ಷ ಏನೂ ತಕರಾರಿರಲಿಲ್ಲ.

ನಮ್ಮದು ಉಡುಪಿ. ಮೂರನೇ ಮಳೆಗಾಲದಲ್ಲಿ ಪ್ಲೇಯರನ್ನು ಎರಡು ತಿಂಗಳು ಮುಟ್ಟಿರಲಿಲ್ಲ. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ) ಒಂದು ವೀಣೆಯ ಎಲ್‌ಪಿ ಪ್ಲೇಟು ಹಾಕಿದೆ. ಅಮ್ಮ ಪಕ್ಕದಲ್ಲೇ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಅವರು ಮಕ್ಕಳಿಗೆ ಸಂಗೀತ ಪಾಠ ಹೇಳುವವರು. "ಇದು ಯಾಕೋ ಇಳಿದಿದೆ ಮಗಾ, ಮೊದಲು ಹೀಗಿರಲಿಲ್ಲ" ಅಂದರು. ನನಗೆ ಏನೂ ಗೊತ್ತಾಗಿರಲಿಲ್ಲ.

ಪರೀಕ್ಷೆ ಮಾಡಿದೆ. ಇದನ್ನು ನೀವೂ ಮಾಡಬಹುದು, ದುಡ್ಡು ಬೇಡ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ಹಾಕಬೇಕು. ಅಂದರೆ 3 ನಿಮಿಷಕ್ಕೆ ಸರಿಯಾಗಿ 100 ಸುತ್ತು. ತಟ್ಟೆಯ ಅಂಚಿಗೆ ಬಿಳಿ ಕಾಗದದ ಚೂರು ಅಂಟಿಸಿ. ಮುಳ್ಳು ಪ್ಲೇಟಿನ ಮೇಲೆ ಇರುವಾಗಲೇ ಎಣಿಸಿ. ನನ್ನದು 100 ಸುತ್ತಿಗೆ 3 ನಿಮಿಷ 4 ಸೆಕೆಂಡ್ ತೆಗೆದುಕೊಂಡಿತು. ಶೇಕಡಾ 2ಕ್ಕಿಂತ ಸ್ವಲ್ಪ ಜಾಸ್ತಿ ನಿಧಾನ. ಒಂದು ಸ್ವರಸ್ಥಾನದಿಂದ ಪಕ್ಕದ್ದಕ್ಕೆ ಇಳಿಯಲು ಸುಮಾರು ಶೇಕಡಾ 6 ಸಾಕು. ಅಂದರೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇಳಿದಾಗಿತ್ತು. ಅಮ್ಮನಿಗೆ ಕೇಳಿಸಿದ್ದು ಅದೇ.

ಬೆಲ್ಟ್ ಸಡಿಲವಾಗಿತ್ತು. ರಬ್ಬರ್ ತಾನೇ, ಸೆಕೆ, ತೇವ, ವಯಸ್ಸು ಎಲ್ಲವೂ ಅದಕ್ಕೆ ತಾಗುತ್ತವೆ. ಸುಮ್ನೆ ಇಟ್ಟರೂ ಮೋಟರಿನ ರಾಟೆಗೆ ಸುತ್ತಿಕೊಂಡ ಕಡೆ ಅದೇ ಆಕಾರಕ್ಕೆ ಬಾಗಿ ನಿಲ್ಲುತ್ತದೆ. ಹೊಸ ಬೆಲ್ಟ್ ಹಾಕಿ, ರಾಟೆಯನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ವೇಗ ಸರಿಹೋಯಿತು. ಖರ್ಚು ಕೆಲವು ನೂರು ರೂಪಾಯಿ ಅಷ್ಟೇ. ಆದ್ದರಿಂದ ಬೆಲ್ಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಚಿಕ್ಕ ಮೋಟರ್ ಜೋರಾಗಿ ತಿರುಗುತ್ತದೆ, ಅದರ ನಡುಕವನ್ನು ರಬ್ಬರ್ ನುಂಗಿಕೊಳ್ಳುತ್ತದೆ. ಕಡಿಮೆ ದುಡ್ಡಿಗೆ ಒಳ್ಳೆಯ ಉಪಾಯ ಅದು.

ಡೈರೆಕ್ಟ್ ಡ್ರೈವಿನಲ್ಲಿ ತಟ್ಟೆ ಮೋಟರಿನ ಅಕ್ಷದ ಮೇಲೇ ಕೂರುತ್ತದೆ. ತಟ್ಟೆ ಎಷ್ಟು ಸುತ್ತೋ ಮೋಟರೂ ಅಷ್ಟೇ ಸುತ್ತು. ಸವೆಯುವ ರಬ್ಬರ್ ಇಲ್ಲ. ಇದು ಡಿಜೆಗಳಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಟೆಕ್ನಿಕ್ಸ್ ಕಂಪನಿ 1970ರಲ್ಲಿ ತಂದ ಡೈರೆಕ್ಟ್ ಡ್ರೈವ್ ಪ್ಲೇಯರ್ ಎಸ್‌ಪಿ-10 ರೇಡಿಯೋ ಕೇಂದ್ರಗಳಲ್ಲಿ ದುಡಿದ ಯಂತ್ರ.

ನಾನು 2021ರಲ್ಲಿ ಆಡಿಯೋ-ಟೆಕ್ನಿಕಾ ಕಂಪನಿಯ ಡೈರೆಕ್ಟ್ ಡ್ರೈವ್ ಪ್ಲೇಯರ್ ಎಲ್‌ಪಿ120ಎಕ್ಸ್ ಯುಎಸ್‌ಬಿ ಕೊಂಡೆ. ಬೆಲೆ ಮೊದಲಿನದರ ಎರಡು ಪಟ್ಟಿಗಿಂತ ಜಾಸ್ತಿ. ಧ್ವನಿ ಚೆನ್ನಾಗಿರುತ್ತದೆ ಅಂತ ಕೊಂಡಿದ್ದಲ್ಲ. ಅಜ್ಜ ಬಿಟ್ಟುಹೋದ, ನಿಮಿಷಕ್ಕೆ 78 ಸುತ್ತು ಹಾಕುವ ಮೂವತ್ತು ಚಿಲ್ಲರೆ ಹಳೆಯ ಪ್ಲೇಟುಗಳು ಅಟ್ಟದ ಪೆಟ್ಟಿಗೆಯಲ್ಲಿ ಇದ್ದವು. ಹಳೆಯ ಪ್ಲೇಯರಿಗೆ 33 ಮತ್ತು 45 ಮಾತ್ರ ಬರುತ್ತಿತ್ತು. ಇದಕ್ಕೆ 78 ಕೂಡ ಬರುತ್ತದೆ.

78ಕ್ಕೆ ಬೇರೆ ಮುಳ್ಳು ಬೇಕೇ ಬೇಕು. ಅದರ ಗೀರು ಅಗಲ. ಎಲ್‌ಪಿಯ ಸಣ್ಣ ಮುಳ್ಳು ಅದರ ತಳಕ್ಕೆ ಇಳಿದು ಬರೀ ಕರಕರ ಅನ್ನುತ್ತದೆ. ಈ ಪ್ಲೇಯರಿನ ಜೊತೆ ಬರುವ ವಿಎಂ95ಇ ಕಾರ್ಟ್ರಿಜ್‌ಗೆ (ಕೈಯ ತುದಿಯಲ್ಲಿ ಮುಳ್ಳು ಕೂರುವ ಭಾಗ) ಅದೇ ಸರಣಿಯ 78ರ ಮುಳ್ಳನ್ನು ಎಳೆದು ಸಿಕ್ಕಿಸಬಹುದು. ಮುಳ್ಳು ಪ್ಲೇಟಿನ ಮೇಲೆ ಎಲ್‌ಪಿಗೆ 2 ಗ್ರಾಂ ಭಾರ ಹಾಕಬೇಕು, 78ಕ್ಕೆ 5 ಗ್ರಾಂ. ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಪ್ರತಿ ಸಲ ನೋಡುತ್ತೇನೆ. ಕೈಯ ಭಾರ ಬದಲಾಯಿಸಲು ಬಾರದ ಅಗ್ಗದ ಪ್ಲೇಯರಿನಲ್ಲಿ ಇದು ಆಗದ ಕೆಲಸ.

ನಮಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ವೇಗದ ಸ್ಲೈಡರ್. ಹಳೆಯ ಪ್ಲೇಟುಗಳನ್ನೆಲ್ಲ ಸರಿಯಾಗಿ 78ರಲ್ಲೇ ಮುದ್ರಿಸಿರಲಿಲ್ಲ. ಕೆಲವನ್ನು ಹಾಗೇ ಹಾಕಿದರೆ ಹಾಡುವವರ ಗಂಟಲು ಹಿಂಡಿದ ಹಾಗೆ ಕೇಳುತ್ತದೆ. ಅಮ್ಮ ಶ್ರುತಿ ಪೆಟ್ಟಿಗೆ ಹಿಡಿದು "ಇನ್ನೂ ಸ್ವಲ್ಪ ಇಳಿಸು" ಅನ್ನುತ್ತಾರೆ. ನಾನು ಕೂದಲೆಳೆಯಷ್ಟು ಜಾರಿಸುತ್ತೇನೆ. ಗಂಟಲು ಸಹಜವಾಗಿ, ಪ್ಲೇಟಿನಲ್ಲಿ ಕೇಳುವ ಹಾರ್ಮೋನಿಯಂ ಒಂದು ಸ್ವರಕ್ಕೆ ಸರಿಯಾಗಿ ಕೂತ ಕೂಡಲೇ "ಹಾಂ, ಅಲ್ಲೇ ಬಿಡು" ಅನ್ನುತ್ತಾರೆ. ಮೂರು ನಿಮಿಷದ ಒಂದು ಮಗ್ಗುಲಿಗೆ ಅರ್ಧ ಗಂಟೆ ಕೂತ ದಿನಗಳಿವೆ. ನನಗೆ ಆ ಸಂಜೆಗಳು ತುಂಬಾ ಇಷ್ಟ. ಎಲ್‌ಪಿ ಹಾಕುವಾಗ ಕ್ವಾರ್ಟ್ಸ್ ಬಟನ್ ಒತ್ತಿದರೆ ವೇಗ ಗಟ್ಟಿಯಾಗಿ ನಿಲ್ಲುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಎಣಿಸುತ್ತೇನೆ. ಇವತ್ತಿಗೂ 3 ನಿಮಿಷಕ್ಕೆ 100.

ಎಲ್‌ಪಿ ಮಾತ್ರ ಇರುವವರು ಇಷ್ಟು ದುಡ್ಡು ಹಾಕಬೇಕಾಗಿಲ್ಲ. ವೇಗದ ಏರಿಳಿತ ನನ್ನ ಎಲ್‌ಪಿ120ಎಕ್ಸ್‌ನಲ್ಲಿ ಶೇಕಡಾ 0.2ಕ್ಕಿಂತ ಕಡಿಮೆ ಅಂತ ಕಂಪನಿಯೇ ಬರೆದಿದೆ. ಅವರದೇ ಬೆಲ್ಟಿನ ಎಲ್‌ಪಿ60ಎಕ್ಸ್‌ಗೆ 0.25ಕ್ಕಿಂತ ಕಡಿಮೆ. ಆ ವ್ಯತ್ಯಾಸಕ್ಕೆ ಯಾರೂ ದುಡ್ಡು ಕೊಡಬಾರದು. ಉಳಿದ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಿ. ಬೆಲ್ಟಿರಲಿ, ಡೈರೆಕ್ಟಿರಲಿ, ಪ್ಲೇಯರಿನ ಅಡಿಯಲ್ಲಿ ಭಾರದ ಕಲ್ಲಿರಲಿ. ನಾನು ಮನೆ ಕಟ್ಟುವಾಗ ಉಳಿದ ಕಡಪ ಕಲ್ಲಿನ ತುಂಡು ಇಟ್ಟಿದ್ದೇನೆ, ನಡೆದಾಡಿದರೆ ಮುಳ್ಳು ಹಾರುವುದು ನಿಂತಿದೆ.

ನನ್ನ ಡೈರೆಕ್ಟ್ ಡ್ರೈವ್ ಪ್ಲೇಯರಿನಲ್ಲಿ ಅನನುಕೂಲವೂ ಇದೆ. ಎಲ್ಲ ಕೈಯಿಂದಲೇ ಮಾಡಬೇಕು. ಪ್ಲೇಟು ಮುಗಿದರೂ ಮುಳ್ಳು ತಾನಾಗಿ ಏಳುವುದಿಲ್ಲ, ನಾವೇ ಎದ್ದು ಹೋಗಿ ಎತ್ತಬೇಕು. ಸುಮಾರು 8 ಕೆಜಿ ತೂಕ, ಅಮ್ಮ ಒಬ್ಬರೇ ಸರಿಸಲು ಆಗುವುದಿಲ್ಲ.

ಹಳೆಯ ಬೆಲ್ಟ್ ಪ್ಲೇಯರ್ ಈಗ ಶಿವಮೊಗ್ಗದಲ್ಲಿ ತಂಗಿಯ ಮನೆಯಲ್ಲಿದೆ. ಅವಳ ಮಗಳಿಗೆ ಆರು ವರ್ಷ, ಬಟನ್ ತಾನೇ ಒತ್ತಿ ಹಾಡು ಕೇಳುತ್ತಾಳೆ. ಕೊಡುವಾಗ ಡಬ್ಬದೊಳಗೆ ಇನ್ನೊಂದು ಹೊಸ ಬೆಲ್ಟನ್ನೂ ಇಟ್ಟು ಕಳಿಸಿದ್ದೆ.