ಹನ್ನೊಂದು ಉಚಿತ ಕೋರ್ಸ್, ನಡೆದದ್ದು 43 ಕಿಲೋಮೀಟರ್

ಎರಡು ವರ್ಷಗಳಲ್ಲಿ ಹನ್ನೊಂದು ಉಚಿತ ಪ್ರೋಗ್ರಾಮಿಂಗ್ ಕೋರ್ಸುಗಳನ್ನು ಮುಗಿಸಿದ್ದೇನೆ. ಎಲ್ಲವೂ ಹತ್ತು ಗಂಟೆಯೊಳಗಿನವು, ಹೆಚ್ಚಿನವು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವಂಥವು. ಇದಕ್ಕೆಂದು ಹಣ ಖರ್ಚು ಮಾಡುವ ಇರಾದೆ ನನಗಿರಲಿಲ್ಲ, ಕೆಲಸ ಬದಲಿಸುವ ಆಸೆಯೂ ಇಲ್ಲ. ಆದ್ದರಿಂದ ಇದನ್ನು ಓದಿ ಯಾರೂ ಉದ್ಯೋಗದ ಲೆಕ್ಕ ಹಾಕಬೇಡಿ.

ನನ್ನ ಕಲಿಕೆ ಮನೆಯವರು ಏಳುವ ಮುಂಚಿನ ಅರ್ಧ ಗಂಟೆಯಲ್ಲಿ. ವಿಡಿಯೋವನ್ನು ನಡುವೆ ನಿಲ್ಲಿಸಿ, ಮುಂದಿನ ಸಾಲು ಏನಿರಬಹುದೆಂದು ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು, ಆಮೇಲೆ ತಾಳೆ ನೋಡುತ್ತೇನೆ. ತಪ್ಪಿದ ಸಾಲಿಗೆ ಅಂಚಿನಲ್ಲಿ ಒಂದು ಚುಕ್ಕೆ. ಚುಕ್ಕೆ ಕಡಿಮೆಯಾದ ದಿನ ಸ್ನಾನದ ಮನೆಯಲ್ಲಿ ತಾನಾಗಿ ಹಾಡು ಬರುತ್ತಿತ್ತು.

ಅದು ನನ್ನ ಜಾಣತನವಲ್ಲ ಎಂದು ತಿಳಿದದ್ದು ಆರು ಕೋರ್ಸ್ ಮುಗಿದ ಮೇಲೆ. ಇವುಗಳಲ್ಲಿ ಬ್ರೌಸರಿನೊಳಗೇ ಕೋಡ್ ಬರೆಯುವ ಜಾಗವಿರುತ್ತದೆ. ಹತ್ತರಲ್ಲಿ ಎಂಟು ಸಾಲು ಅವರೇ ಬರೆದಿಟ್ಟಿರುತ್ತಾರೆ, ಉಳಿದದ್ದನ್ನು ನಾವು ತುಂಬಿದರೆ ಹಸಿರು ಗುರುತು. ಶಾಲೆಯ ‘ಬಿಟ್ಟ ಸ್ಥಳ ತುಂಬಿರಿ’ ಪ್ರಶ್ನೆಯೇ ಹೊಸ ಅಂಗಿ ತೊಟ್ಟು ಬಂದಿದೆ, ಅಷ್ಟೆ.

ನನ್ನದೇ ಕಂಪ್ಯೂಟರಿಗೆ ಪೈಥಾನ್ ಹಾಕಿಕೊಂಡು ಖಾಲಿ ಫೈಲ್ ತೆರೆದಾಗ ಕೈಯೇ ಓಡಲಿಲ್ಲ. ದಿನದ ನಡಿಗೆಯ ಲೆಕ್ಕವಿಡುವ ಪುಟ್ಟ ಪ್ರೋಗ್ರಾಂ ಒಂದನ್ನು ಹೇಗೋ ಬರೆದೆ. ಬೆಳಿಗ್ಗೆ 4, ಸಂಜೆ 3 ಎಂದು ಕೊಟ್ಟೆ. ಒಟ್ಟು 43 ಕಿಲೋಮೀಟರ್ ಎಂದಿತು! ಪೈಥಾನಿನ ಇನ್‌ಪುಟ್‌ಗೆ ನಾವು ಏನು ಕೊಟ್ಟರೂ ಅದು ಬರಿಯ ಪಠ್ಯ. ಕೂಡಿಸು ಎಂದರೆ ಪಕ್ಕಪಕ್ಕ ಅಂಟಿಸುತ್ತದೆ. ಇಂಟ್ ಎಂಬ ಆದೇಶ ಬಳಸಿ ಮೊದಲು ಪೂರ್ಣ ಸಂಖ್ಯೆಯಾಗಿಸಬೇಕು. ಆರೂ ಕೋರ್ಸುಗಳಲ್ಲಿ ಆ ಇಂಟ್ ಅನ್ನು ಅವರೇ ಬರೆದುಕೊಟ್ಟಿದ್ದರು. ಅಷ್ಟೂ ಬೆಳಗಿನ ನಿದ್ದೆ ನೆನೆದು ಸಿಟ್ಟು ಬಂತು.

ಆ ಸಿಟ್ಟನ್ನು ಇಳಿಸಿದ್ದು ಮೂರೇ ಗಂಟೆಯ ಏಳನೆಯ ಕೋರ್ಸ್. ಅದರಲ್ಲಿ ಹಸಿರು ಗುರುತಿಲ್ಲ. ಕಲಿಸುವವರು ಬೇಕೆಂದೇ ಕೋಡ್ ಕೆಡಿಸಿ, ಬಂದ ದೋಷದ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿಸುತ್ತಿದ್ದರು. ಕೊನೆಯ ಸಾಲಿನಲ್ಲಿ ತಪ್ಪಿನ ಹೆಸರು, ಅದರ ಮೇಲೆ ತಪ್ಪು ಕಾಣಿಸಿಕೊಂಡ ಸಾಲಿನ ಸಂಖ್ಯೆ. ಅದುವರೆಗೆ ದೋಷದ ಸಂದೇಶ ಬಂದೊಡನೆ ಎಲ್ಲ ಅಳಿಸಿ ಹೊಸದಾಗಿ ಬರೆಯುತ್ತಿದ್ದೆ. ಈ ಒಂದು ಪಾಠಕ್ಕೆ ಉಳಿದ ಹತ್ತನ್ನೂ ಕ್ಷಮಿಸಿದ್ದೇನೆ.

ಹಾಗೆಂದು ಹನ್ನೊಂದು ಬೇಕಿರಲಿಲ್ಲ. ಎಂಟರಲ್ಲಿ ಅವೇ ಆರಂಭದ ಪಾಠಗಳು: ಅದೇ ವೇರಿಯಬಲ್, ಅದೇ ಇಫ್, ಅದೇ ಲೂಪ್. ಮುಖಪರಿಚಯಕ್ಕೆ ಒಂದು ಕೋರ್ಸ್ ಧಾರಾಳವಾಯಿತು. ಎರಡನೆಯದಕ್ಕೆ ಮುಂಚೆ ಖಾಲಿ ಫೈಲ್ ತೆರೆಯಿರಿ. ಪ್ರಮಾಣಪತ್ರಕ್ಕೆ ಕೊನೆಯಲ್ಲಿ ಹಣ ಕೇಳುವವೂ ಉಂಟು, ನಾನು ಕೊಟ್ಟಿಲ್ಲ. ಉತ್ತರವನ್ನು ಪರದೆಯ ಮೇಲೆ ತೋರಿಸುವ ಪ್ರಿಂಟ್ ಪಕ್ಕದಲ್ಲಿ ಆವರಣ ಚಿಹ್ನೆ ಇಲ್ಲದ ಪಾಠ ಕಂಡರೆ ಅಲ್ಲೇ ಬಿಟ್ಟುಬಿಡಿ. ಅದು ಹಳೆಯ ಆವೃತ್ತಿ ಪೈಥಾನ್ 2, ಅದಕ್ಕೆ ಅಧಿಕೃತ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ.

ನಡಿಗೆಯ ಪ್ರೋಗ್ರಾಂ ಈಗಲೂ ದಿನಾ ಓಡುತ್ತಿದೆ. ಮೊನ್ನೆ ಮೊದಲ ಸಲ 3.5 ಎಂದು ಕೊಟ್ಟೆ. ವ್ಯಾಲ್ಯೂ ಎರರ್ ಎಂದು ಮುನಿಸಿಕೊಂಡಿತು. ಕೊನೆಯ ಸಾಲು ಓದಿದೆ. ಇಂಟ್ ಇದ್ದಲ್ಲಿ ದಶಮಾಂಶವನ್ನೂ ಒಪ್ಪುವ ಫ್ಲೋಟ್ ಬರೆದೆ.